ಅಂಟದ್ದಕ್ಕೆ ಬೆಲೆ

ನನ್ನ ಜೇಬಿನಲ್ಲೊಂದು ಸೂಜಿಗಲ್ಲು ಇರುತ್ತದೆ,
ಒಡೆದ ಸ್ಪೀಕರಿನ ಬೆನ್ನಿಂದ ಕಿತ್ತದ್ದು,
ಉದ್ದಿನ ವಡೆಯ ಹಾಗೆ ನಡುವೆ ತೂತು.
ಬಂದ ಸಾಮಾನಿಗೆಲ್ಲ ಮೊದಲು ಅದನ್ನು ಮುಟ್ಟಿಸುತ್ತೇನೆ.
ಟಕ್ ಎಂದು ಅಂಟಿದರೆ ಕಬ್ಬಿಣ, ಎಡಗಡೆ ಗುಡ್ಡೆಗೆ.
ಅಂಟದಿದ್ದರೆ ನಿಲ್ಲು, ಅರದಿಂದ ಉಜ್ಜಿ ನೋಡು:
ಕೆಂಪಗೆ ನಕ್ಕರೆ ತಾಮ್ರ, ಹಳದಿಯಾದರೆ ಹಿತ್ತಾಳೆ,
ಬೆಳ್ಳಗೆ ಹಗುರವಾಗಿದ್ದರೆ ಅಲ್ಯೂಮಿನಿಯಂ.
ಅಂಟದ್ದಕ್ಕೇ ಇಲ್ಲಿ ಬೆಲೆ ಜಾಸ್ತಿ, ವಲೀ,
ಎಂದು ಮೊದಲ ದಿನವೇ ಹೇಳಿಕೊಟ್ಟ ಉಸ್ತಾದ್ ಗುಲ್ ಜಮಾನ್,
ಇಪ್ಪತ್ತೆರಡು ವರ್ಷದಿಂದ ಶಾರ್ಜಾದ ಈ ಸಜಾದಲ್ಲಿ
ತಗಡಿನ ಬೇಲಿಯೊಳಗೆ ಅಂಟಿಕೊಂಡವನು.
(ಹೊನ್ನೂರವಲಿ ಅನ್ನಲು ಅವನ ನಾಲಿಗೆ ಹೊರಳುವುದಿಲ್ಲ.)

ಜುಲೈನಲ್ಲಿ ನಾಲ್ಕೂವರೆಗೇ ಕೆಲಸ ಶುರು,
ಎಂಟು ದಾಟಿದರೆ ಸುತ್ತಿಗೆಯೂ ಕೈ ಸುಡುತ್ತದೆ.
ಆಗ ಎ.ಸಿ.ಗಳೇ ಹೆಚ್ಚು ಬರುತ್ತವೆ,
ಯಾರಿಗೋ ತಂಪು ಊದಿ ಊದಿ ಎದೆಯೊಡೆದವು.
ಬಿಸಿಲಲ್ಲಿ ಕೂತು ಅವುಗಳ ಹೊಟ್ಟೆ ಬಗೆಯುತ್ತೇನೆ:
ಬೋಗುಣಿಯಂಥ ಕಂಪ್ರೆಸರು, ಅದನ್ನು ಸೀಳಿದರೆ
ಎಣ್ಣೆಯಲ್ಲಿ ನೆಂದ ತಾಮ್ರದ ಸುರುಳಿ,
ಎಳೆದರೆ ಶ್ಯಾವಿಗೆ.
ವಾಷಿಂಗ್ ಮಷೀನು ಬೇರೆಯೇ ಜಾತಿ. ಕುಣಿಯದಿರಲೆಂದು
ಅದರೊಳಗೆ ಸಿಮೆಂಟಿನ ಗಟ್ಟಿ ಬಿಗಿದಿರುತ್ತಾರೆ;
ತೂಕಕ್ಕೆ ಬಾರದು, ಬೇಲಿಯಾಚೆ ಎಸೆಯುತ್ತೇವೆ.
ಡ್ರಮ್ಮಿನ ಅಡಿಯಲ್ಲಿ ಹೇರ್‌ಪಿನ್ನು, ಇಪ್ಪತ್ತೈದು ಫಿಲ್ಸಿನ ಬಿಲ್ಲೆ,
ಒಮ್ಮೆ ಒಂದು ಹಾಲುಹಲ್ಲು.
ಅದಕ್ಕೂ ಸೂಜಿಗಲ್ಲು ಮುಟ್ಟಿಸಿದೆ. ಅಭ್ಯಾಸ.

ನಾನು ಸೊಂಡೂರಿನ ಕಡೆಯವನು,
ಗಣಿಯ ಕಾಲದಲ್ಲಿ ಅದಿರಿನ ಲಾರಿಗೆ ಕ್ಲೀನರು.
ಆಗ ನಮ್ಮೂರಲ್ಲಿ ಬಿಳಿ ಕೋಳಿ ಅನ್ನೋದೇ ಇರಲಿಲ್ಲ, ಎಲ್ಲಾ ಕೆಂಪು;
ಮಳೆ ಬಿದ್ದಾಗ ಮಾತ್ರ ಕೆಲವು ಬೆಳ್ಳಗಾಗುತ್ತಿದ್ದವು.
ಅಂದು ಟಾರ್ಪಾಲು ಬಿಗಿದು ಕಳಿಸಿದ ಮಣ್ಣೇ
ಸುತ್ತಿ ಸುತ್ತಿ ಮಂಚದ ಕಾಲಾಗಿ, ಫ್ರಿಜ್ಜಿನ ಬಾಗಿಲಾಗಿ
ನನ್ನ ಮುಂದೆ ಬಂದು ಬಿದ್ದಿರಬಹುದು, ಯಾರಿಗೆ ಗೊತ್ತು.
ಬಿಚ್ಚಿ, ಬಡಿದು, ಕಂಟೇನರಿಗೆ ತುಂಬುತ್ತೇನೆ.
ಮುಂದ್ರಾ ಬಂದರಿಗೆ ಹೋಗುತ್ತದಂತೆ.
ಅದರ ಪಾಸ್‌ಪೋರ್ಟು ಯಾವ ಮಾಲೀಕನ ಕಪಾಟಿನಲ್ಲೂ ಇಲ್ಲ.

ಕಳೆದ ಗುರುವಾರ ರೋಲಾದ ಫ್ಲ್ಯಾಟೊಂದು ಖಾಲಿಯಾಗಿ
ಪಿಕಪ್ಪಿನಲ್ಲಿ ಬಂತು. ಗ್ಯಾಸ್ ಒಲೆ, ಮಿಕ್ಸಿ, ಎರಡು ಕುಕ್ಕರು,
ಮೂರು ಗಾಲಿಯ ಸೈಕಲ್ಲು. ಗೋಣಿಚೀಲದ ತಳದಲ್ಲಿ
ಒಂದು ಹಿತ್ತಾಳೆ ತಂಬಿಗೆ.
ಅಂಟಲಿಲ್ಲ. ಉಜ್ಜುವ ಮೊದಲೇ ಹಳದಿ.
ತಿರುಗಿಸಿದರೆ ಕುತ್ತಿಗೆಯ ಸುತ್ತ ಚುಕ್ಕೆ ಚುಕ್ಕೆಯಾಗಿ
‘ಚಿ. ಸೌ. ಗಿರಿಜಾಂಬಳ ಮದುವೆಗೆ
ಸೋದರತ್ತೆ ತಿಪ್ಪಮ್ಮ, ಕೂಡ್ಲಿಗಿ, 9-5-87’.
ಎಂಟು ವರ್ಷದಿಂದ ನಾನು ಕನ್ನಡ ಓದಿದ್ದು
ಫೋನಿನ ಗಾಜಿನ ಮೇಲೆ ಮಾತ್ರ.
ಇದು ಬೆರಳಿಗೆ ತಾಗಿತು, ಒರಟೊರಟು.

ಏನು ಬರೆದಿದೆ? ಗುಲ್ ಜಮಾನ್ ಕೇಳಿದ. ಆಯತ್ತಾ?
ಆಯತ್ತು ಕೊರೆದದ್ದನ್ನು ನಾವು ತೂಗುವುದಿಲ್ಲ,
ಅದಕ್ಕೆಂದೇ ಗೋಡೆಯ ಮೇಲೊಂದು ಹಲಗೆ ಇದೆ.
ಹೌದು ಅನ್ನಬಹುದಿತ್ತು.
ಇಡೀ ಯಾರ್ಡಿನಲ್ಲಿ ಓದಬಲ್ಲವನು ನಾನೊಬ್ಬನೇ.
ಅಲ್ಲ ಉಸ್ತಾದ್, ಹೆಸರು, ಅಂದೆ.
ಯಾರದು?
ಗೊತ್ತಿಲ್ಲ.
ಅವನು ತುಸು ಹೊತ್ತು ತಕ್ಕಡಿಯತ್ತ ನೋಡಿದ.
ಸಂಜೆ ಹಾಕು, ಅಂದ.

ಅಂದು ಮಧ್ಯಾಹ್ನ ಅದರಲ್ಲೇ ನೀರು ಕುಡಿದೆವು,
ಉಸ್ತಾದ್, ಮೊಫಿಜುಲ್, ನಾನು,
ತುಟಿ ತಾಕಿಸದೆ, ಮೇಲಿಂದ ಹೊಯ್ದುಕೊಂಡು.
ಮೊಫಿಜುಲ್ ಅಂಗಿಯೆಲ್ಲ ತೋಯಿಸಿಕೊಂಡ.

ಸಂಜೆ ತೂಗಿದೆ. ನಾನೂರ ಅರವತ್ತು ಗ್ರಾಂ,
ಒಂದೆರಡು ಕೂದಲೆಳೆ ಕಡಿಮೆ.
ಹೆಸರು ಕೊರೆದಾಗ ಉದುರಿದ ಪುಡಿ
ಕೂಡ್ಲಿಗಿಯ ಆ ಪಾತ್ರೆ ಅಂಗಡಿಯ ನೆಲದ ಸಂದಿಯಲ್ಲಿ
ಇನ್ನೂ ಇರಬೇಕು.
ಯಾವ ಸೂಜಿಗಲ್ಲಿಗೂ ಅದು ಸಿಗುವುದಿಲ್ಲ.